ಯಾರ ಪಾಲಿನ ಕುರ್ಚಿ?

ಬ್ಯಾಟರಿ ಸಂಶೋಧನೆಯ ಖರ್ಚನ್ನು ಸರ್ಕಾರವೂ ಒಂದು ಕಂಪನಿಯೂ ಹಂಚಿಕೊಂಡಿದ್ದವು. ಕಟ್ಟಡ, ಮೇಜು ಸರ್ಕಾರದ ಪಾಲು. ಯಂತ್ರ, ತಂತಿ ಕಂಪನಿಯ ಪಾಲು. ದಿನವಿಡೀ ಯಂತ್ರದ ಮುಂದಿದ್ದು ಬ್ಯಾಟರಿ ಎಷ್ಟು ಬಿಸಿಯಾಯಿತೆಂದು ನೋಡಬೇಕಾದ ನಮ್ಮ ಟೆಕ್ನಿಷಿಯನ್ ಅಕ್ಕನಿಗೆ ಕುರ್ಚಿ ಕೊಡುವುದು ಮಾತ್ರ ಯಾರ ಪಾಲಿಗೂ ಬರಲಿಲ್ಲ. ಕೇಳಿದರೆ ಇವರು ಅವರತ್ತ ಕೈ ತೋರಿಸುವರು, ಅವರು ಇವರತ್ತ. ಮೆತ್ತನೆಯ ಕುರ್ಚಿಗಳಲ್ಲಿ ಕೂತು ಇದನ್ನೇ ಚರ್ಚಿಸಿದರು, ಪುಣ್ಯಾತ್ಮರು! ಕಾಲು ಊದಿ, ಸಾಕಾಗಿ, ಅಕ್ಕ ಮನೆಯಿಂದ ಮರದ ಸ್ಟೂಲು ತಂದರು. ಹೊಸ ಬ್ಯಾಟರಿ ಪರೀಕ್ಷೆ ಪಾಸಾದ ದಿನವೂ ಅದರ ಮೇಲೇ ಕೂತಿದ್ದರು.

ನಿವೃತ್ತಿಯ ದಿನ ಅದನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟವರನ್ನು ಗೇಟಿನಲ್ಲಿ ವಾಚ್‌ಮನ್ ತಡೆದ.

"ಅಕ್ಕಾ, ಇದು ಸರ್ಕಾರದ್ದಾ, ಕಂಪನೀದಾ?"

"ನಮ್ಮತ್ತೇದಪ್ಪಾ," ಎಂದರು ಅಕ್ಕ. "ಈ ಸಂಶೋಧನೇಲಿ ಅವರದ್ದೂ ಒಂದು ಪಾಲಿದೆ."