ಭಾವನಗರದ ತೋಟದಲ್ಲಿ ವಿನಯನನ್ನು ಹುಡುಕಿದ್ದು

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ನಾನಿರುವ ಫ್ಲ್ಯಾಟಿನ ಕೆಳಗೆ ಬೆಳಿಗ್ಗೆ ಬೆಳಿಗ್ಗೆ ಗಾಠಿಯಾ ಕರಿಯುತ್ತಾರೆ. ಕಡಲೆಹಿಟ್ಟು ಕಾದ ಎಣ್ಣೆಗೆ ಇಳಿದು ಓಮದ ಘಮ ಮೇಲೇರಿದರೆ ಸಾಕು, ನಾನು ಕಿಟಕಿ ಮುಚ್ಚಿಬಿಡುತ್ತೇನೆ. ಸೂರತ್‌ನ ಅಡಾಜಣ್‌ನಲ್ಲಿದ್ದ ನಮ್ಮ ಮನೆ ಈಗ ಬೇರೆಯವರದು. ಅಪ್ಪ ಇಲ್ಲ, ಅವ್ವನೂ ಇಲ್ಲ. ಆದರೂ ಆ ಘಮ ಬಂದಾಗಲೆಲ್ಲ ಇಬ್ಬರೂ ಭಾವನಗರದ ಅಂಗಡಿಯೊಂದರ ಮುಂದೆ ಬಿಸಿ ಪೊಟ್ಟಣ ಹಿಡಿದು ನಿಂತಿರುತ್ತಾರೆ, ನನ್ನ ಕಡೆ ತಿರುಗದೆ.

ನಾವು ಧಾರವಾಡದ ಕಡೆಯವರು. ಅಪ್ಪನ ಬ್ಯಾಂಕ್ ನೌಕರಿ ನಮ್ಮನ್ನು ಊರೂರು ತಿರುಗಿಸಿತು. ಯಾವ ಜಾಗ ಬಿಟ್ಟು ಹೊರಡುವಾಗಲೂ ಅವ್ವ ನಮ್ಮ ಹೆಸರು ಹಿಡಿದು, "ಬಾ, ಮನಿಗೆ ಹೋಗೂಣು" ಎಂದು ಕರೆಯುತ್ತಿದ್ದಳು. ಹಾಗೆ ಕರೆಯದಿದ್ದರೆ ಮಕ್ಕಳ ಜೀವ ಅಲ್ಲೇ ಉಳಿದುಬಿಡುತ್ತದೆಂದು ಅವಳಿಗೆ ಅವಳ ಅವ್ವ ಹೇಳಿಕೊಟ್ಟಿದ್ದಳಂತೆ. ವಡೋದರಾದ ಗೋರ್ವಾದಲ್ಲಿದ್ದಾಗ ನನ್ನ ತಮ್ಮ ವಿನಯ ಜ್ವರದಲ್ಲಿ ತೀರಿಕೊಂಡ. ಕೆಲವೇ ತಿಂಗಳಲ್ಲಿ ಸೂರತ್‌ಗೆ ವರ್ಗವಾಯಿತು. ಸಾಮಾನು ಏರಿಸುವ ಗಡಿಬಿಡಿಯಲ್ಲಿ ಅವ್ವ ನನ್ನೊಬ್ಬಳನ್ನೇ ಕರೆದು ಹೊರಟುಬಿಟ್ಟಳು. ವಿನಯ ಆ ಖಾಲಿ ಮನೆಯಲ್ಲಿ ಒಬ್ಬನೇ ಉಳಿದನಲ್ಲ ಎಂಬ ಕೊರಗು ಆಮೇಲೆ ಅವಳನ್ನು ಬಿಡಲಿಲ್ಲ. ಊಟ ಬಡಿಸುತ್ತ ಬಡಿಸುತ್ತ ಬಾಗಿಲ ಕಡೆ ನೋಡುತ್ತಿದ್ದಳು. ಅವಳ ಮನಸ್ಸು ಹಗುರಾಗಲೆಂದು ಅಪ್ಪ ಒಂದು ದಿನದ ಪ್ರವಾಸಕ್ಕೆ ನಮ್ಮ ಹೆಸರು ಬರೆಸಿದ. ಹಜೀರಾದಿಂದ ಹಡಗಿನಲ್ಲಿ ಘೋಘಾ, ಅಲ್ಲಿಂದ ಬಸ್ಸಿನಲ್ಲಿ ಭಾವನಗರ, ಸಂಜೆಗೆ ವಾಪಸು.

ಖಂಭಾತ್ ಕೊಲ್ಲಿಯ ನೀರು ನೀಲಿಯಲ್ಲ, ಚಹಾದ ಬಣ್ಣದ್ದು. ಅವ್ವ ದಾರಿಯುದ್ದಕ್ಕೂ ಅದನ್ನೇ ನೋಡಿದಳು. ನಮ್ಮ ಗೈಡ್ ಮನಸುಖಭಾಯಿ ದೊಡ್ಡ ಗಂಟಲಿನ ಮನುಷ್ಯ, ಎಲ್ಲರನ್ನೂ ನಗಿಸಿ ಗಾಠಿಯಾ ತಿನ್ನಿಸಿ ಕೊನೆಗೆ ಒಂದು ತೋಟಕ್ಕೆ ಕರೆದೊಯ್ದ. ಹೊರಡುವ ಹೊತ್ತಿಗೆ ಅವ್ವ ಗೇಟಿನ ಬಳಿ ನಿಂತು ನನ್ನನ್ನು ಕರೆದಳು. ನಾನು ಓಡಿಬಂದೆ. ಅದೇ ದನಿಯಲ್ಲಿ ಅವಳು ಮತ್ತೆ ಕೂಗಿದಳು: "ವಿನ್ಯಾ, ಬಾರೋ, ಮನಿಗೆ ಹೋಗೂಣು."

ಮಗು ತಪ್ಪಿಸಿಕೊಂಡಿದೆ ಎಂದುಕೊಂಡ ಮನಸುಖಭಾಯಿ ಅಂಗಿಯ ಬಣ್ಣ ಕೇಳಿದ. "ಪೀಲಾ" ಎಂದಳು ಅವ್ವ. ಹಳದಿ ಅಂಗಿಯ ಹುಡುಗನನ್ನು ಹುಡುಕಲು ಬಸ್ಸಿನವರೆಲ್ಲ ಚದುರಿದರು. ಬೇವಿನ ಮರಗಳ ಹಿಂದಿನಿಂದ, ಪೊದೆಗಳ ಆಚೆಯಿಂದ ಗುರುತಿಲ್ಲದವರು ಸತ್ತ ನನ್ನ ತಮ್ಮನನ್ನು "ವಿನಯ್, ಓ ವಿನಯ್" ಎಂದು ಕರೆಯುತ್ತಿದ್ದರು. ಎಷ್ಟೋ ಹೊತ್ತು ನಾನೂ ಹಳದಿ ಅಂಗಿಗಾಗಿ ಕಣ್ಣಾಡಿಸಿದೆ. ಅಪ್ಪ ಕಲ್ಲುಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಕೂತುಬಿಟ್ಟಿದ್ದ. ಹಡಗಿನ ಹೊತ್ತಾಗುತ್ತಿತ್ತು. ಅವ್ವನಿಗೆ ಗುಜರಾತಿ ಬಾರದೆಂಬ ಧೈರ್ಯದಲ್ಲಿ, ಅವಳ ಎದುರಿಗೇ ನಾನು ಗೈಡ್‌ನ ತೋಳು ಜಗ್ಗಿ ಗುಜರಾತಿಯಲ್ಲಿ ಹೇಳಿದೆ: ತಮ್ಮ ತೀರಿಹೋಗಿದ್ದಾನೆ, ಹುಡುಕಬೇಡಿ.

ಅವನು ಚದುರಿದವರನ್ನೆಲ್ಲ ಕೈಬೀಸಿ ವಾಪಸು ಕರೆದ. ಆಮೇಲೆ ಅವ್ವನ ಬಳಿ ಹೋಗಿ, "ಮಳೀ ಗಯೋ, ಬೆನ್. ಬಸ್‌ಮಾ ಬೇಠೋ ಛೇ" ಎಂದ. ಸಿಕ್ಕಿದ, ಬಸ್ಸಿನಲ್ಲಿ ಕೂತಿದ್ದಾನೆ ಎಂದು. ಅವ್ವ ಬಸ್ಸು ಹತ್ತಿದಳು.

ವಾಪಸು ಬರುವಾಗ ಹಡಗಿನ ಬೆಂಚಿನ ಮೇಲೆ ಅವಳ ಒಂದು ಬದಿಗೆ ನಾನಿದ್ದೆ. ಇನ್ನೊಂದು ಬದಿ ಖಾಲಿಯಿತ್ತು, ಆ ಬದಿಗೂ ಯಾರಿಗೋ ಹೊದಿಸಿದಂತೆ ಸೆರಗು ಚಾಚಿದ್ದಳು.

"ಗುಜರಾತಿ ಚಲೋ ಮಾತಾಡ್ತಿ ನೀ," ಎಂದಳು. "ನನಗೂ ತಿಳಿತೈತಿ."

ಅವಳು ನನ್ನ ತಲೆ ಸವರಿದಳು.

"ಮನಿ ಮುಟ್ಟೂತನಕಾ ಮತ್ಯಾರಿಗೂ ಹೇಳಬ್ಯಾಡವಾ."

ಮನೆ ಮುಟ್ಟಿದ ಮೇಲೂ ನಾನು ಹೇಳಲಿಲ್ಲ. ಈಗ ಅವ್ವನೂ ಇಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.