ಗುಡ್ಡದ ಮೇಲಿನ ಅಳಿಯ

ರಜೆ ಹಾಕಿ, ದುಡ್ಡು ಕಟ್ಟಿ, ಗುಡ್ಡ ಹತ್ತಲು ಹೋಗುವವರನ್ನು ಕಂಡರೆ ನನಗೆ ಬಹಳ ದಿನ ನಗು ಬರುತ್ತಿತ್ತು. ನನ್ನ ಮಗಳ ಮಗಳು ಅಶ್ವಿನಿ ಅಂಥವಳು. ಹೈದರಾಬಾದಿನ ಅಮೀರ್‌ಪೇಟೆಯ ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಕಲಿಸುತ್ತಾಳೆ. ಮನೆಯಿಂದ ಮೆಟ್ರೋ ಸ್ಟೇಷನ್ನಿಗೆ ಆಟೋ, ಅಲ್ಲಿ ಮೇಲೆ ಹೋಗಲು ಲಿಫ್ಟು. ಕೊತ್ತಂಬರಿ ತಾ ಅಂದರೆ ಫೋನಿನಲ್ಲಿ ತರಿಸುತ್ತಾಳೆ. ಅದೇ ಹುಡುಗಿ ಬೇಸಿಗೆ ಬಂತೆಂದರೆ ಹಿಮಾಲಯಕ್ಕೆ ಹೋಗಿ, ಬೆನ್ನಿನ ಮೇಲೆ ಮೂಟೆ ಹೊತ್ತು ದಿನಗಟ್ಟಲೆ ನಡೆದು, ಮೂಗಿನ ತೊಗಲು ಸುಲಿಸಿಕೊಂಡು, ಹೊಸದಾಗಿ ಮದುವೆಯಾದವಳ ಹಾಗೆ ಹಿಗ್ಗುತ್ತ ಬರುತ್ತಾಳೆ.

"ಮ್ಯಾಲೆ ಏನೈತಿ?" ಎಂದು ಒಮ್ಮೆ ಕೇಳಿದೆ.

"ಏನಿಲ್ಲ ಆಯಿ. ಬರ್ಫ್, ಗಾಳಿ."

"ಗುಡಿ?"

"ಇಲ್ಲ."

"ನೆಂಟರು?"

"ಅಲ್ಲಿ ಯಾರ ನೆಂಟರು ಇರ್ತಾರ?"

"ಹಂಗಾರ ಯಾಕ ಹೋದಿ?"

ಅದಕ್ಕೆ ಅವಳು ಫೋನಿನಲ್ಲಿ ಚಿತ್ರ ತೋರಿಸಿದಳು. ಬಿಳಿ ಗುಡ್ಡ, ಅದರ ಕೆಳಗೆ ಒಂದು ಕಲ್ಲಿನ ಮನೆ, ಮನೆಯ ಮುಂದೆ ಒಬ್ಬ ಮುದುಕಿ ಇವಳ ಕೈಗೆ ಬಟ್ಟಲು ಕೊಡುತ್ತಿದ್ದಾಳೆ. ಚಹಕ್ಕೆ ಬೆಣ್ಣೆ, ಉಪ್ಪು ಹಾಕಿ ಕೊಡುತ್ತಾರಂತೆ. ಬಟ್ಟಲು ಖಾಲಿಯಾದ ಕೂಡಲೇ ಮತ್ತೆ ಸುರಿಯುತ್ತಾರಂತೆ, ಸಾಕು ಅಂದರೂ ಕೇಳುವುದಿಲ್ಲವಂತೆ. ಆ ಮುದುಕಿಯ ಮುಖ ನೋಡಿದ ಮೇಲೆ ನನ್ನ ನಗು ಸ್ವಲ್ಪ ಕಡಿಮೆಯಾಯಿತು. ಗುರುತಿಲ್ಲದವರಿಗೆ ಹಟ ಮಾಡಿ ಉಣಿಸುವ ಮಂದಿ ಎಲ್ಲಿದ್ದಾರೋ ಅಲ್ಲಿಗೆ ನಡೆದು ಹೋಗಬಹುದು.

ನಾನೂ ನಡೆಯುವವಳೇ. ನಮ್ಮದು ಕಲಬುರಗಿ ಕಡೆ. ಲಗ್ನವಾದಾಗಿನಿಂದ ಹೈದರಾಬಾದಿನಲ್ಲಿದ್ದರೂ ಯುಗಾದಿಗೆ ಮುಂಚೆ ತವರೂರಿನವರ ಜೊತೆಗೂಡಿ ಶ್ರೀಶೈಲಕ್ಕೆ ನಡೆಯುವುದನ್ನು ಬಿಟ್ಟಿಲ್ಲ. ನಾವು ಹೋಗುವುದಕ್ಕೆ ಕಾರಣವಿದೆ. ಅಲ್ಲಿನ ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ. ಇದು ಹೇಗೆ ಎಂದು ಕೇಳಬೇಡಿ, ಆ ಲಗ್ನಪತ್ರಿಕೆಯನ್ನು ಯಾರೂ ಎತ್ತಿಟ್ಟಿಲ್ಲ. ಮಗಳನ್ನು ಗುಡ್ಡದ ಮೇಲೆ ಕೊಟ್ಟಿದ್ದೇವೆ, ಹಬ್ಬಕ್ಕೆ ತವರಿನಿಂದ ಸೀರೆ, ಕುಬಸ, ಉಡಿ ತುಂಬುವ ಸಾಮಾನು ಹೋಗಬೇಕು, ಅಷ್ಟೇ. ಬಸ್ಸುಗಳಿವೆ. ಬೇಕಾದವರು ಬಸ್ಸಿನಲ್ಲಿ ಹೋಗಲಿ. ಸೀರೆ ಮಾತ್ರ ಕಾಲ್ನಡಿಗೆಯಲ್ಲೇ ಹೋಗಬೇಕು. ನಾನು ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಒಂದು ಸಾಲು ಬರೆಯಲು ಎರಡು ಸಲ ಅಳಿಸುತ್ತೇನೆ. ದೇವರ ಬೀಗತನವನ್ನು ಪಂಡಿತರು ಬೇರೆ ತರಹ ಹೇಳಬಹುದು. ಅವರು ನಡೆದು ಹೋದವರಲ್ಲ.

ಆ ದಾರಿಯ ಮಂದಿಯನ್ನು ನೋಡಬೇಕು. ಊರಿಗೊಂದು ಹಟ. ರಾಯಚೂರು ದಾಟುವ ತನಕ ರೊಟ್ಟಿ, ಪುಂಡಿಪಲ್ಯ. ಹೊಳೆ ದಾಟಿದರೆ ಅದೇ ಪುಂಡಿಸೊಪ್ಪು ಗೋಂಗೂರ ಎಂದು ಹೆಸರು ಬದಲಿಸಿಕೊಂಡು ಅನ್ನದ ಮೇಲೆ ಬರುತ್ತದೆ. ರಸ್ತೆಯ ಬದಿಗೆ ಮಲಗಲು ಹೊರಸು ಹಾಕಿ, ಮೇಲೆ ಚಪ್ಪರ ಕಟ್ಟಿ ಕಾಯುತ್ತಾರೆ. ಪಕ್ಕದ ಮನೆಯಲ್ಲಿ ಉಂಡು ಬಂದೆ ಎಂದರೆ ಮುಖ ಊದಿಸಿಕೊಳ್ಳುತ್ತಾರೆ. ಒಂದು ಊರಿನಲ್ಲಿ ಬಿಳಿ ಮೀಸೆಯ ರೈತನೊಬ್ಬ ಬಿಸಿನೀರಿನ ಹಂಡೆ ಇಟ್ಟುಕೊಂಡು ನಡೆದು ಬಂದವರ ಕಾಲು ತೊಳೆದು ಎಣ್ಣೆ ತಿಕ್ಕುತ್ತಿದ್ದ. ನನಗೆ ನಾಚಿಕೆಯಾಗಿ ಕಾಲು ಎಳೆದುಕೊಂಡೆ. "ಕಾಲು ಕೊಡಮ್ಮ, ನೀನು ನಾಚುವಷ್ಟರಲ್ಲಿ ಹಿಂದಿನ ಇಬ್ಬರದು ಆಗುತ್ತದೆ" ಎಂದು ತೆಲುಗಿನಲ್ಲಿ ಗದರಿಸಿದ. ಗದರಿಸಿ ಸೇವೆ ಮಾಡುವವರ ಮೇಲೆ ನನಗೆ ಮೊದಲಿನಿಂದ ಗೌರವ. ಮೆತ್ತಗೆ ಮಾತಾಡಿ ಮಾಡಿದರೆ ಋಣ ಅನಿಸುತ್ತದೆ.

ಈ ವರ್ಷ ಸೀರೆ ಹೊರುವ ಪಾಳಿ ನನಗೆ ಬಂದಿತ್ತು. ತವರಿನ ಓಣಿಯವರೆಲ್ಲ ಕೂಡಿ ತಂದ ಹಸಿರು ಇಳಕಲ್ ಸೀರೆ, ಕುಬಸದ ಖಣ, ಐದು ಬೊಗಸೆ ಜೋಳ, ಕಾಯಿ. ಹೊತ್ತವಳೇ ಗುಡಿಯಲ್ಲಿ ಒಪ್ಪಿಸುವುದು ನಮ್ಮ ರೂಢಿ. ಎಷ್ಟೋ ವರ್ಷದಿಂದ ಕಾದಿದ್ದೆ. ನನ್ನ ಮೊಣಕಾಲು ಹೇಳಿದ ಮಾತು ಕೇಳುವುದನ್ನು ಯಾವಾಗಲೋ ಬಿಟ್ಟಿದೆ, ಮುಂದಿನ ವರ್ಷದ ಭರವಸೆ ನನಗೇ ಇಲ್ಲ. ಇದೊಂದು ಸಲ ನನ್ನ ಕೈಯಿಂದ ಸೀರೆ ಮುಟ್ಟಿದರೆ ಸಾಕು ಎಂದು ಹೊರಟೆ. ನಮ್ಮ ಯಜಮಾನರು ಪಟಾನ್‌ಚೆರುವಿನ ಕಾರ್ಖಾನೆಯಲ್ಲಿ ನಿಂತು ನಿಂತೇ ನಿವೃತ್ತರಾದವರು, ನಡಿಗೆ ಎಂದರೆ ಆಗುವುದಿಲ್ಲ. "ಕಾಲು ನೋಯಿಸ್ಕೋಬೇಕಂದ್ರ ಇಲ್ಲೇ ನೋಯಿಸ್ಕೋ, ಅಷ್ಟು ದೂರ ಯಾಕ?" ಎಂದರು. ಅಶ್ವಿನಿ ಮಾತ್ರ, "ನಿಂದೂ ಟ್ರೆಕ್ಕೇ ಆಯಿ. ನಾನೂ ಬರ್ತೀನಿ" ಎಂದು ರಜೆ ಹಾಕಿದಳು.

ಅವಳು ದಪ್ಪ ಬೂಟು ಹಾಕಿಕೊಂಡು, ಮಡಿಸುವ ಎರಡು ಕೋಲು ಹಿಡಿದು ಬಂದಳು. ನಾನು ಕಚ್ಚೆ ಸೀರೆ, ಟೈರಿನ ಚಪ್ಪಲಿ. ನಮ್ಮ ಗುಂಪಿನ ಮುಂದಾಳು ನನ್ನ ಅಣ್ಣನ ಮಗ ಶರಣಪ್ಪ, ಕೋಲು ನೋಡಿ, "ಏನವಾ, ಎಮ್ಮಿ ಹೊಡಕೊಂಡು ಹೊಂಟೀಯೇನು?" ಎಂದ. ನಡಿಗೆ ಶುರುವಾದ ಮೇಲೆ ಅವನೇ ಅವಳ ಹೆಜ್ಜೆಗೆ ಹೆಜ್ಜೆ ಹಾಕಬೇಕಾಯಿತು. ಹುಡುಗಿಗೆ ನಡೆಯುವುದು ಗೊತ್ತಿತ್ತು. ಏರಿನಲ್ಲಿ ಮಾತಾಡುತ್ತಿರಲಿಲ್ಲ, ಬಾಯಾರುವ ಮೊದಲೇ ನೀರು ಕುಡಿಯುತ್ತಿದ್ದಳು, ಯಾರಾದರೂ ಊಟಕ್ಕೆ ಕರೆದರೆ ಬೇಡ ಅನ್ನುತ್ತಿರಲಿಲ್ಲ. ಹಿಮಾಲಯದಲ್ಲಿ ಇಷ್ಟಾದರೂ ಕಲಿಸಿದ್ದಾರಲ್ಲ ಎಂದುಕೊಂಡೆ.

ನಲ್ಲಮಲದ ಅಡವಿ ಶುರುವಾದ ಮೇಲೆ ಊರುಗಳಿಲ್ಲ. ಒಣ ಎಲೆ, ಬಿದಿರು, ಕಲ್ಲು. ಮುಂದೆ ಒಂದು ಆಳವಾದ ಕೊಳ್ಳ ಬರುತ್ತದೆ. ದಾರಿ ಅದರೊಳಗೆ ಇಳಿದು, ಕಲ್ಲಿನ ಮೆಟ್ಟಿಲು ಹಿಡಿದು ಆ ಕಡೆಯ ಗುಡ್ಡಕ್ಕೆ ಏರುತ್ತದೆ. ಎಂಥ ಗಟ್ಟಿ ಕಾಲಿನವರೂ ಅಲ್ಲಿ ದೇವರನ್ನು ನೆನೆಯುತ್ತಾರೆ. ಕೊಳ್ಳಕ್ಕೆ ಮೊದಲು ಒಂದು ಕೆರೆ, ಕೆರೆಯ ಪಕ್ಕ ಚೆಂಚು ಜನರ ಗುಡಿಸಲುಗಳು. ಅಡವಿಯಲ್ಲೇ ಹುಟ್ಟಿ ಅಡವಿಯಲ್ಲೇ ಬೆಳೆದವರು ಅವರು. ಅಲ್ಲಿ ಬಯ್ಯಮ್ಮ ಎಂಬವಳು ಕೊಡ ಇಟ್ಟುಕೊಂಡು ಹೋಗುವವರಿಗೆಲ್ಲ ನೀರು ಕೊಡುತ್ತಿದ್ದಳು. ಹೆಚ್ಚು ಕಡಿಮೆ ನನ್ನ ವಯಸ್ಸೇ. ಮೊಣಕಾಲು ಮಾತ್ರ ನನ್ನದಕ್ಕಿಂತ ಎಳೆಯದು ಎಂದು ಕುಕ್ಕರುಗಾಲಲ್ಲಿ ಕೂತ ರೀತಿಯಿಂದ ಗೊತ್ತಾಯಿತು. ಅವಳದು ತೆಲುಗು, ನನಗೂ ಅದು ಬರುತ್ತದೆ. ನಾವಾಡಿದ್ದನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ.

"ಗಂಟಿನಾಗ ಏನೈತಿ?" ಎಂದು ಕೇಳಿದಳು.

"ಮಗಳಿಗೆ ಸೀರಿ."

"ಯಾವ ಮಗಳು?"

"ಮ್ಯಾಲಿನಾಕಿ. ಮಲ್ಲಯ್ಯ ನಮ್ಮ ಅಳಿಯ."

ಬಯ್ಯಮ್ಮ ಚೊಂಬು ಕೆಳಗಿಟ್ಟಳು. "ಮಲ್ಲಯ್ಯ ನಮ್ಮ ಅಳಿಯ" ಎಂದಳು.

ದೇವರು ಬೇಟೆಗೆಂದು ಅಡವಿಗೆ ಬಂದನಂತೆ. ಚೆಂಚು ಹುಡುಗಿಯನ್ನು ಕಂಡನಂತೆ. ಆಮೇಲೆ ಬೇಟೆಯೂ ಇಲ್ಲ, ಮನೆಯೂ ಇಲ್ಲ, ಇಲ್ಲೇ ನಿಂತನಂತೆ.

"ಅಂದ್ರ ನಿಮ್ಮ ಹುಡುಗಿ ಸವತಿ" ಎಂದೆ.

"ಸವತಿ ನಿಮ್ಮಾಕಿ. ಅಡವಿ ಯಾರದು?"

ಅಶ್ವಿನಿಗೆ ನಗು ಬಂದು ನೀರು ಮೂಗಿಗೆ ಏರಿತು. ನನಗೆ ನಗು ಬರಲಿಲ್ಲ. ಬಯ್ಯಮ್ಮ ನನ್ನ ಗಂಟನ್ನೇ ನೋಡುತ್ತ ಮುಂದಿನ ಮಾತು ಹೇಳಿದಳು. "ವರ್ಷಾ ವರ್ಷಾ ಇದೇ ದಾರೀಲೆ ಹೋಗ್ತೀರಿ. ನಮ್ಮ ನೀರು ಕುಡೀತೀರಿ. ನಿಮ್ಮ ಮಗಳಿಗೆ ಸೀರಿ ಒಯ್ತೀರಿ. ನಮ್ಮ ಹುಡುಗಿಗೆ ಒಂದ ಕುಬಸದ ತುಂಡು ತಂದೀರೇನು ಯಾವತ್ತರ?"

ಸಿಟ್ಟಿನಲ್ಲಿ ಹೇಳಲಿಲ್ಲ. ಬೇಳೆ ಬೆಂದಿಲ್ಲ ಎನ್ನುವ ಹಾಗೆ ಹೇಳಿದಳು. ಅದಕ್ಕೇ ಚುಚ್ಚಿತು. ನನ್ನ ತವರಿನ ಓಣಿಯಲ್ಲಿ ಗಂಗವ್ವ ಎಂಬವಳಿದ್ದಳು. ಅವಳ ಮಗಳನ್ನು ಕೊಟ್ಟ ಮನೆಯಲ್ಲಿ ಮೊದಲೇ ಒಬ್ಬಳು ಹೆಂಡತಿ. ಗಂಗವ್ವ ಹಬ್ಬಕ್ಕೆ ಹೋಗುವಾಗ ಎಂದೂ ಒಂದೇ ಸೀರೆ ಒಯ್ದವಳಲ್ಲ. ಹೊಟ್ಟೆಯಲ್ಲಿ ಬೆಂಕಿ ಇತ್ತು, ಕೈಯಲ್ಲಿ ಎರಡು ಸೀರೆ ಇದ್ದವು. ಸವತಿಯನ್ನು ಬಿಟ್ಟು ಒಬ್ಬಳಿಗೇ ಕೊಟ್ಟರೆ ತವರಿಗೆ ಮರ್ಯಾದೆ ಇಲ್ಲ, ಮಗಳಿಗೂ ವರ್ಷವಿಡೀ ಚುಚ್ಚುಮಾತು ತಪ್ಪುವುದಿಲ್ಲ. ಇದು ನಮ್ಮದೇ ಪದ್ಧತಿ. ಆದರೆ ಗುಡ್ಡದ ಮೇಲಿನ ಮಗಳ ವಿಷಯದಲ್ಲಿ ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಅಡವಿಯನ್ನು ದಾರಿ ಎಂದುಕೊಂಡಿದ್ದೆವು. ಅದೊಂದು ಮನೆ ಎಂದು ತಿಳಿಯದೆ, ಅಂಗಳದಲ್ಲಿ ಹಾಯ್ದು, ನೀರು ಕುಡಿದು, ತಲೆ ಎತ್ತಿ ನೋಡದೆ ಹೋಗುತ್ತಿದ್ದೆವು.

ಏಳಬೇಕೆಂದು ನೆಲಕ್ಕೆ ಕೈಯೂರಿದೆ. ಮೊಣಕಾಲು ಏಳಲಿಲ್ಲ. ಅಶ್ವಿನಿ ಮುಟ್ಟಿ ನೋಡಿದಳು. ಶರಣಪ್ಪನೂ ಬಂದು ನೋಡಿದ.

"ಅತ್ತಿ, ಕುಂಬಳಕಾಯಿ ಆಗೇದ ನೋಡ್ರಿ. ಈ ಕಾಲಿಲೆ ಕೊಳ್ಳ ಇಳಿಯಾಕ ಆಗಂಗಿಲ್ಲ. ನಡೆಯೋರಿಗೆ ನೀರು ತಂದ ಟ್ರ್ಯಾಕ್ಟರ್ ವಾಪಸ್ ಹೊಂಟೈತಿ, ಹತ್ರಿ. ರಸ್ತೆಗೆ ಹೋದ ಮ್ಯಾಲೆ ಜೀಪ್ ಸಿಗ್ತದ."

"ಸೀರಿ?"

"ನಮ್ಮಾಕಿ ಕೈಯಾಗ ಕೊಡ್ರಿ. ಬರೋಬ್ಬರಿ ಒಯ್ತಾಳ."

ಅವನ ಹೆಂಡತಿ ಆಗಲೇ ಸೆರಗು ಸರಿಪಡಿಸಿಕೊಂಡಿದ್ದಳು. ನಾನು ನಡೆದೇ ಹೋಗುತ್ತೇನೆ ಎಂದು ಹಟ ಮಾಡಬಹುದಿತ್ತು. ಆದರೆ ಕೊಳ್ಳದ ಮಧ್ಯೆ ಕೂತರೆ ನಾಲ್ಕು ಜನ ಹೊರಬೇಕು, ಆಗ ಸೀರೆ ಹೊತ್ತವಳನ್ನು ಹೊತ್ತವರ ಕತೆಯಾಗುತ್ತದೆ. ಗಂಟು ಬಿಚ್ಚಿದೆ. ಖಣ, ಜೋಳ, ಕಾಯಿ ತೆಗೆದು ಬಯ್ಯಮ್ಮನ ಸೆರಗಿಗೆ ಹಾಕಿದೆ.

"ಅದು ಅಮ್ಮನ ಉಡಿ ಐತ್ರಿ ಅತ್ತಿ" ಎಂದ ಶರಣಪ್ಪ.

"ಸವತಿಗೆ ಕುಬಸ ಕೊಡದ ತವರಮನಿ ಯಾವ ಊರಾಗ ಐತಿ, ಹೇಳು."

ಸೀರೆಯನ್ನು ಅಶ್ವಿನಿಯ ಕೈಗೆ ಕೊಟ್ಟೆ.

"ನಾನಾ? ನಂಗ ಇದರಾಗ ನಂಬಿಕಿ ಇಲ್ಲ ಆಯಿ, ನಿಂಗ ಗೊತ್ತೈತಿ."

"ನಂಬಿಕಿ ಹೊರು ಅಂದಿಲ್ಲ. ಸೀರಿ ಹೊರು. ಯಾರೂ ಇಲ್ಲದ ಗುಡ್ಡಕ್ಕ ಹೋಗ್ತಿಯಲ್ಲ, ಇಲ್ಲಿ ನೆಂಟರು ಅದಾರ."

ಬಯ್ಯಮ್ಮ ಸೆರಗಿನ ಗಂಟು ಬಿಗಿದುಕೊಂಡು ಎದ್ದಳು. "ನಾನೂ ಮ್ಯಾಲಿನ ತನಕ ಬರ್ತೀನಿ. ಹುಡುಗಿ ಒಬ್ಬಾಕಿನ ಹೋದ್ರ ಅಳಿಯಗ ಗುರುತು ಸಿಗಂಗಿಲ್ಲ" ಎಂದಳು.

ನಾನು ಅಳಲಿಲ್ಲ. ಟ್ರ್ಯಾಕ್ಟರಿನಲ್ಲಿ ಎರಡೂ ಕೈಯಿಂದ ಹಿಡಿದುಕೊಳ್ಳಬೇಕು, ಕಣ್ಣು ಒರೆಸಲು ಮೂರನೆಯ ಕೈ ಇರಲಿಲ್ಲ. ರಸ್ತೆಗೆ ಬಂದ ಮೇಲೆ ಸಿಕ್ಕ ಜೀಪು ಸುತ್ತು ಹಾಕಿ, ಅಡವಿಯ ಕಾಲುದಾರಿ ಗುಡ್ಡ ಹತ್ತಿ ಮುಗಿಯುವಲ್ಲಿನ ಕಲ್ಲಿನ ಬಾಗಿಲ ಹತ್ತಿರ ನನ್ನನ್ನು ಇಳಿಸಿತು. ಅಲ್ಲೊಂದು ಬಂಡೆಯ ಮೇಲೆ ಕೂತೆ. ಇಷ್ಟು ವರ್ಷ ಹತ್ತಿ ಬರುವವರಲ್ಲಿ ನಾನೂ ಒಬ್ಬಳಾಗಿದ್ದೆ, ಹತ್ತಿ ಬರುವವರ ಮುಖವನ್ನು ಎದುರಿನಿಂದ ನೋಡಿದ್ದೇ ಇಲ್ಲ. ಅಂದು ನೋಡಿದೆ. ಹರಕೆಗೆ ಮರಗಾಲು ಕಟ್ಟಿಕೊಂಡವನು, ಹೆಗಲ ಮೇಲೆ ದೇವರ ಕಂಬಿ ಹೊತ್ತವನು, ಚಪ್ಪಲಿ ಹರಿದು ಕಾಲಿಗೆ ಟವೆಲ್ಲು ಸುತ್ತಿಕೊಂಡವಳು. ಕೊನೆಯ ಮೆಟ್ಟಿಲಿಗೆ ಬಂದಾಗ ಎಲ್ಲರದೂ ಒಂದೇ ಮುಖ. ಯಾವ ಊರು, ಯಾವ ಜಾತಿ, ಕೂಲಿಯೋ ಸಾಹುಕಾರನೋ, ಏನೂ ಗೊತ್ತಾಗುವುದಿಲ್ಲ. ಗುಡ್ಡ ಎಲ್ಲರನ್ನೂ ತಿಕ್ಕಿ ತೊಳೆದು ಮೇಲೆ ಕಳಿಸುತ್ತದೆ. ಆ ಸುಲಿದ ಮೂಗು ಹೊತ್ತುಕೊಂಡು ಹುಡುಗಿ ಯಾಕೆ ಅಷ್ಟು ಹಿಗ್ಗುತ್ತಾಳೆ ಎಂಬುದು ನನಗೆ ಅಲ್ಲಿ ತಿಳಿಯಿತು.

ಬಿಸಿಲು ಇಳಿಯುವಾಗ ಶರಣಪ್ಪನ ಗುಂಪು ಬಂತು. ಮುಂದೆ ಬಯ್ಯಮ್ಮ, ಅವಳ ಕೈಯಲ್ಲಿ ಹಿಮಾಲಯದ ಕೋಲು. ಹಿಂದೆ ಅಶ್ವಿನಿ, ತಲೆಯ ಮೇಲೆ ಸೀರೆ. ಅದನ್ನು ಎರಡೂ ಕೈಯಿಂದ ಹಿಡಿದು ಕತ್ತು ನೆಟ್ಟಗೆ ಮಾಡಿಕೊಂಡು ಬರುತ್ತಿದ್ದಳು. ಹಾಗೆ ಹಿಡಿ ಎಂದು ನಾನು ಹೇಳಿಕೊಟ್ಟಿರಲಿಲ್ಲ.

"ತಗೋ ಆಯಿ. ನೀನ ಒಪ್ಪಿಸು" ಎಂದು ಮುಂದೆ ಚಾಚಿದಳು.

ಕೈ ಚಾಚಬೇಕೆನಿಸಿತು. "ಹೊತ್ತಾಕಿ ನೀನು. ನೀನ ಒಪ್ಪಿಸಬೇಕು" ಎಂದೆ.

ಅಷ್ಟರಲ್ಲಿ ಬಯ್ಯಮ್ಮ ಸೀರೆಯ ಒಂದು ಅಂಚನ್ನು ಹೊರಗೆಳೆದು ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು. ಬೆಳಕಿಗೆ ಹಿಡಿದಳು. ಮೂಗು ಮುರಿದಳು.

"ಬಣ್ಣ ಅಡ್ಡಿಯಿಲ್ಲ. ನೂಲು ತೆಳು. ಸೆರಗು ಸಣ್ಣದಾತು. ನಮ್ಮಾಕಿಗೆ ತರೋವಾಗ ನೋಡಿ ತರ್ರಿ" ಎಂದಳು.

ಶರಣಪ್ಪನ ಮುಖ ಕೆಂಪಾಯಿತು. ನನಗೆ ಜೀವಕ್ಕೆ ಸಮಾಧಾನವಾಯಿತು. ಮಗಳ ಸವತಿಯ ತಾಯಿಯನ್ನು ಏನೆಂದು ಕರೆಯಬೇಕು ಎಂಬುದಕ್ಕೆ ನಮ್ಮಲ್ಲಿ ಶಬ್ದವಿಲ್ಲ, ನಾನು ಜೀಪಿನಲ್ಲಿ ದಾರಿಯುದ್ದಕ್ಕೂ ಹುಡುಕಿದ್ದೆ. ಆದರೆ ತವರಿನಿಂದ ಬಂದ ಸೀರೆಯನ್ನು ಹೆಬ್ಬೆರಳಿನಿಂದ ತಿಕ್ಕಿ ಕೊಂಕು ತೆಗೆಯುವ ಹಕ್ಕು ಲೋಕದಲ್ಲಿ ಒಬ್ಬಳಿಗೇ ಇದೆ.

"ಕೂಡ್ರಿ ಬೀಗತಿ, ದಣದೀರಿ" ಎಂದು ಬಂಡೆಯ ಮೇಲೆ ಸರಿದು ಜಾಗ ಮಾಡಿಕೊಟ್ಟೆ.