ಬಣ್ಣದ ಡಬ್ಬಿಗೋ, ಮೇಸ್ತ್ರಿಗೋ?

ಬಣ್ಣದ ಡಬ್ಬಿಗೂ ಇನ್ಶೂರೆನ್ಸ್ ಮಾಡಿಸಬಹುದು ಎಂದು ಕಳೆದ ಬುಧವಾರದವರೆಗೆ ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತೇ?

ತುಮಕೂರಿನ ನಮ್ಮ ಮನೆಗೆ ಈಗ ಪೇಂಟಿಂಗ್ ನಡೆಯುತ್ತಿದೆ. ಕಂಟ್ರಾಕ್ಟರ್ ಗುಬ್ಬಿಯ ರಂಗಸ್ವಾಮಿ. ಎಲ್ಲರ ಬಾಯಲ್ಲೂ ‘ಮೇಸ್ತ್ರಿ’. ಅವರಿಗೆ ಕುಣಿಗಲ್‌ನಲ್ಲಿ ಮೂರಂತಸ್ತಿನ ಶಾಲೆಯೊಂದರ ಕೆಲಸ ಸಿಗುವಂತಿದೆ. ಆದರೆ ಕೆಲಸಗಾರರಿಗೆ ಇನ್ಶೂರೆನ್ಸ್ ಇರಲೇಬೇಕು ಎಂದು ಶಾಲೆಯವರ ಕಂಡೀಷನ್. ಹಾಗಾಗಿ ಏಜೆಂಟ್ ನಮ್ಮ ವರಾಂಡಕ್ಕೇ ಬಂದರು. (ಕಾಫಿ ನಮ್ಮದು. ಯಾವಾಗಲೂ ನಮ್ಮದೇ.)

“ಮೇಡಮ್, ಇಂಗ್ಲಿಷ್ ಫಾರಂ. ನೀವೇ ಒಸಿ ತುಂಬ್ಕೊಟ್ಬುಡಿ” ಎಂದರು ಮೇಸ್ತ್ರಿ.

ಈ ವರ್ಷಕ್ಕೆ ಎರಡೇ ಪಾಲಿಸಿ ಎಂದು ಮೇಸ್ತ್ರಿ ತೀರ್ಮಾನಿಸಿಕೊಂಡು ಬಂದಿದ್ದರು. ಕೆಲಸಗಾರರಿಗೊಂದು, ಗುಬ್ಬಿಯ ಅಂಗಡಿಯಲ್ಲಿರುವ ಬಣ್ಣದ ಸ್ಟಾಕಿಗೊಂದು. ಆರು ಹೆಸರು ಹೇಳಿದರು, ಬರೆದೆ. ಅದರಲ್ಲೊಂದು ಅವರ ಹೆಂಡತಿ ರತ್ನಮ್ಮನದು. ಗೋಡೆ ಉಜ್ಜುತ್ತಿದ್ದಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು.

“ಓದಿ ಅಕ್ಕ.”

ಓದಿದೆ.

“ಇವ್ರ ಹೆಸ್ರೆಲ್ಲಿ?”

“ನಾನು ಓನರ್ ಕಣೇ!” ಎಂದರು ಮೇಸ್ತ್ರಿ. “ಓನರ್ ಎಲ್ಲಾದ್ರೂ ಬೀಳ್ತಾನಾ?”

ಇಲ್ಲೊಂದು ವಿಷಯ ಹೇಳಬೇಕು. ಗೋಡೆಗೆ ಬೊಂಬಿನ ಸಾರುವೆ ಕಟ್ಟಿದ ಮೇಲೆ ಮೊದಲು ತುದಿಗೆ ಹತ್ತುವವರು ಈ ಓನರ್ರೇ. ಮೇಲೆ ನಿಂತು ಎರಡು ಸಲ ಕುಣಿದು, ಮೊದಲ ಬ್ರಶ್ ಎಳೆಯಬೇಕು. ಆಮೇಲೇ ಉಳಿದವರು. ಅದು ಅವರ ತಂಡದ ಪದ್ಧತಿ. ಹಗ್ಗದ ಗಂಟು ಸಡಿಲವಿದ್ದರೆ ಮೊದಲು ಗೊತ್ತಾಗುವುದು ಯಾರಿಗೆ?

ಏಜೆಂಟ್ ಗಂಟಲು ಸರಿಮಾಡಿಕೊಂಡರು. “ಈ ಪಾಲಿಸಿ ಕೆಲಸಗಾರರಿಗೆ ಮಾತ್ರ ಅಮ್ಮಾ. ಓನರ್‌ಗೆ ಬೇರೆ ಆಕ್ಸಿಡೆಂಟ್ ಪಾಲಿಸಿ ಮಾಡಿಸ್ಬೇಕು.”

“ಮಾಡಿ. ಬಣ್ಣದ್ದು ಬುಡಿ.”

“ಏ, ಅಂಗಡಿ ತುಂಬಾ ಡಬ್ಬಿ ಐತೆ ಕಣೇ!”

“ಡಬ್ಬಿ ಸಾರುವೆ ಹತ್ತಿ ಕುಣೀತದಾ?”

ಕೆಲಸಗಾರರೆಲ್ಲ ಗೊಳ್ಳೆಂದು ನಕ್ಕರು. ಏಜೆಂಟ್ ಕೂಡ. ಮೇಸ್ತ್ರಿ ಮಾತ್ರ ನನ್ನ ಕಡೆ ನೋಡಿದರು. ನಾನು ಬಣ್ಣದ ಫಾರಂ ಬದಿಗಿಟ್ಟು, ಆಕ್ಸಿಡೆಂಟ್ ಪಾಲಿಸಿಯದನ್ನು ತುಂಬಿ ಪೆನ್ ಕೊಟ್ಟೆ. ಸೈನ್ ಬಿತ್ತು.

“ಸರಿ, ಈಗ ಮುಂದ್ಗಡೆ ಗೋಡೆ” ಎಂದು ಮೇಸ್ತ್ರಿ ಬ್ರಶ್ ಹಿಡಿದು ಎದ್ದೇಬಿಟ್ಟರು. ಸಾರುವೆ ಕಟ್ಟಿ ಸಿದ್ಧವಾಗಿತ್ತು.

ಬ್ಯಾಗಿನ ಜಿಪ್ ಎಳೆಯುತ್ತಾ ಏಜೆಂಟ್ ಹೇಳಿದರು, “ಪಾಲಿಸಿ ನಾಳೆಯಿಂದ ಶುರು.”

ರತ್ನಮ್ಮ ಗಂಡನ ಕೈಯಿಂದ ಬ್ರಶ್ ಕಿತ್ತುಕೊಂಡಳು. “ಹಂಗಾದ್ರೆ ನಾಳೀಕೇ ಹತ್ತಿ.”

ಮೇಸ್ತ್ರಿ ಹತ್ತದೆ ಯಾರೂ ಹತ್ತುವಂತಿಲ್ಲವಲ್ಲ! ಎಲ್ಲರೂ ಆರಾಮಾಗಿ ಕೂತರು. ನಾನು ಉಪ್ಪಿಟ್ಟಿಗೆ ರವೆ ಹುರಿದೆ. ಎರಡನೇ ಸಲ ಬಡಿಸುವಾಗ ಮೇಸ್ತ್ರಿಯೂ ನಗುತ್ತಿದ್ದರು.

ನಮ್ಮ ಮನೆಯ ಮುಂದಿನ ಗೋಡೆ ಒಂದು ದಿನ ತಡವಾಗಿ ಹಳದಿಯಾಯಿತು. ಅದರಿಂದ ಯಾರಿಗೆ ನಷ್ಟ, ಹೇಳಿ?